ಕಾರ್ಬೊರೇಟರ್ ಕಿಟ್ ಚೆನ್ನಾಗಿದೆ, ಆದರೆ ಕಾಯಿಲೆ ಇದ್ದದ್ದು ಕೇಬಲ್‌ನಲ್ಲಿ

ಮೊದಲೇ ಹೇಳಿಬಿಡುತ್ತೇನೆ, ಈ ರಿವ್ಯೂ ಎರಡು ಸಾಮಾನಿನ ಬಗ್ಗೆ. ಒಂದು, ಎಸ್‌ಯು ಎಚ್‌ಎಸ್2 ಕಾರ್ಬೊರೇಟರಿನ, ಅಂದರೆ ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗದ, ರಿಪೇರಿ ಕಿಟ್. ಇನ್ನೊಂದು, ಅದರ ಜೊತೆಯಲ್ಲೇ ತರಿಸಿದ ಚೋಕ್ (ತಣ್ಣಗಿನ ಎಂಜಿನ್ನಿಗೆ ಹೆಚ್ಚು ಪೆಟ್ರೋಲ್ ಕೊಡಿಸುವ ಗುಂಡಿ) ಮತ್ತು ಆಕ್ಸಿಲರೇಟರ್ ಕೇಬಲ್ ಸೆಟ್. ಕಿಟ್‌ಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ಕೇಬಲ್ ಸೆಟ್‌ಗೆ ಮೂರು, ಅದೂ ಚೋಕ್ ಕೇಬಲ್ ಪುಣ್ಯದಿಂದ. ಡಬ್ಬಿ ಮೇಲಿನ ಹೆಸರು ಬರೆಯುತ್ತಿಲ್ಲ. ಇಂಥ ಸಾಮಾನು ಬೇರೆ ಬೇರೆ ಹೆಸರಿನ ಡಬ್ಬಿಗಳಲ್ಲಿ ಬರುತ್ತದೆ, ಹಾಗಾಗಿ ಒಳಗೆ ಏನಿರಬೇಕು, ಏನು ನೋಡಬೇಕು ಅನ್ನುವುದೇ ಜಾಸ್ತಿ ಉಪಯೋಗ.

ಕಾರು 1967ರ ಮಿನಿ, ಬ್ರಿಟನ್ನಿನ ಪುಟ್ಟ ಕಾರು, 850 ಸಿಸಿ, ಒಂದೇ ಕಾರ್ಬೊರೇಟರ್. ತೊಂದರೆ ಏನಾಗಿತ್ತು ಅಂದರೆ, ಬೆಳಿಗ್ಗೆ ಚೋಕ್ ಎಳೆದರೆ ಸಲೀಸಾಗಿ ಸ್ಟಾರ್ಟ್ ಆಗುತ್ತಿತ್ತು, ಎಂಜಿನ್ ಬಿಸಿಯಾದ ಮೇಲೆ ಚೋಕ್ ಒಳಗೆ ತಳ್ಳಿದರೂ ಸ್ಲೋ ಸ್ಪೀಡ್ ಇಳಿಯುತ್ತಿರಲಿಲ್ಲ. ಸಿಗ್ನಲ್ಲಿನಲ್ಲಿ ನಿಂತರೆ ಗುರ್ ಅಂತ ರೇಸ್ ಆಗುತ್ತಲೇ ಇರುತ್ತಿತ್ತು, ಪಕ್ಕದವರು ನಾನೇನೋ ಪಂದ್ಯಕ್ಕೆ ಕರೆಯುತ್ತಿದ್ದೇನೆ ಅಂದುಕೊಳ್ಳುವ ಹಾಗೆ. ಪ್ಲಗ್ ಬಿಚ್ಚಿದರೆ ಮಸಿ. ಪೆಟ್ರೋಲ್ ವಾಸನೆ. ಕೆಲವು ದಿನ ಮಾತ್ರ ಏನೂ ಆಗೇ ಇಲ್ಲವೇನೋ ಅನ್ನುವಂತೆ ಸರಿಯಾಗಿ ಓಡುತ್ತಿತ್ತು. ಆ 'ಕೆಲವು ದಿನ'ದ ಬಗ್ಗೆ ನಾನು ಆಗಲೇ ಯೋಚಿಸಬೇಕಿತ್ತು. ಯೋಚಿಸಲಿಲ್ಲ.

ಒಂದು ಗ್ಯಾರೇಜಿಗೆ ತೆಗೆದುಕೊಂಡು ಹೋದೆ. ಎರಡು ಸಲ. ಮೊದಲ ಸಲ ಥ್ರಾಟಲ್ ಸ್ಕ್ರೂ (ಸ್ಲೋ ಸ್ಪೀಡ್ ಹೊಂದಿಸುವುದು) ಹಿಂದಕ್ಕೆ ತಿರುಗಿಸಿ ಕಳಿಸಿದರು. ಎರಡನೇ ಸಲ ಕೆಳಗಿನ ಮಿಕ್ಸ್‌ಚರ್ ನಟ್ಟನ್ನು (ಪೆಟ್ರೋಲ್ ಪ್ರಮಾಣ ಹೊಂದಿಸುವುದು) ಮೇಲಕ್ಕೆ ತಿರುಗಿಸಿದರು, ಇನ್ನೂ ತಿರುಗಿಸಿದರು, ಎಂಜಿನ್ ಏನೂ ಉತ್ತರ ಕೊಡಲಿಲ್ಲ. 'ಸಾರ್, ಕಾರ್ಬೊರೇಟರ್ ಹೋಗಿದೆ, ಬೇರೆ ಹಾಕಿಬಿಡಿ' ಅಂದರು. ನಟ್ ತಿರುಗಿಸಿದರೂ ಎಂಜಿನ್ನಿಗೆ ಗೊತ್ತೇ ಆಗುತ್ತಿಲ್ಲ ಅಂದರೆ ಅದೇ ಒಂದು ದೊಡ್ಡ ಸುಳಿವು, ಆದರೆ ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಕಿಟ್ ತರಿಸಿದೆ. ಜೊತೆಗೆ ಕೇಬಲ್ ಸೆಟ್ ಇರಲಿ ಅಂತ ಸುಮ್ನೆ ಸೇರಿಸಿದೆ, ಹಳೆಯದು ಹೇಗೂ ಐವತ್ತು ವರ್ಷದ್ದಿರಬೇಕು ಅಂತ.

ಕಿಟ್ ವಿಷಯಕ್ಕೆ ಬರೋಣ. ಒಳಗೆ ನೈಲಾನ್ ಪೈಪಿನ ಸಮೇತ ಹೊಸ ಜೆಟ್ (ಪೆಟ್ರೋಲ್ ಹೊರಬರುವ ನಳಿಗೆ), ಪೆಟ್ರೋಲ್ ನಿಲ್ಲುವ ಫ್ಲೋಟ್ ಚೇಂಬರಿನ ನೀಡಲ್ ವಾಲ್ವ್, ಜೆಟ್ ಪೈಪು ಚೇಂಬರಿಗೆ ಸೇರುವಲ್ಲಿ ಕೂರುವ ಸಣ್ಣ ರಬ್ಬರ್ ಗ್ಲ್ಯಾಂಡ್, ಗ್ಯಾಸ್ಕೆಟ್‌ಗಳು, ಒಂದಿಷ್ಟು ವಾಶರ್, ಒಂದು ಸ್ಪ್ರಿಂಗ್. ಪಿಸ್ಟನ್ನಿಗೆ ಹಾಕುವ ಉದ್ದ ನೀಡಲ್ ಇದರಲ್ಲಿ ಬರುವುದಿಲ್ಲ, ಬರಬಾರದು ಕೂಡ. ಅದು ಕಾರಿಂದ ಕಾರಿಗೆ ಬೇರೆ. 850 ಮಿನಿಗೆ ಮೂಲದಲ್ಲಿ ಬರುತ್ತಿದ್ದದ್ದು ಇಬಿ ನೀಡಲ್, ಕೆಂಪು ಸ್ಪ್ರಿಂಗ್. ಅಕ್ಷರ ನೀಡಲ್ ಬುಡದಲ್ಲೇ ಕೊರೆದಿರುತ್ತದೆ, ಬಿಚ್ಚಿದಾಗ ಒಮ್ಮೆ ಓದಿಕೊಳ್ಳಿ. ಹಿಂದಿನ ಮಾಲೀಕರು ಕೈಗೆ ಸಿಕ್ಕಿದ್ದನ್ನು ಹಾಕಿರುವುದು ಅಪರೂಪವೇನಲ್ಲ. ನನ್ನದು ಸರಿಯಾಗಿತ್ತು.

ಎಸ್‌ಯು ನೋಡಿಲ್ಲದವರಿಗೆ ಎರಡು ಮಾತು. ಸೋಲೆಕ್ಸ್, ವೆಬರ್ ಥರದವುಗಳಲ್ಲಿ ಸ್ಲೋ ಸ್ಪೀಡಿಗೊಂದು ಜೆಟ್, ಓಟಕ್ಕೊಂದು ಜೆಟ್ ಅಂತ ಬೇರೆ ಬೇರೆ ಇರುತ್ತವೆ. ಎಸ್‌ಯುನಲ್ಲಿ ಇರುವುದು ಒಂದೇ ಜೆಟ್, ಈ ಮಾದರಿಯಲ್ಲಿ ಅದರ ತೂತು 0.090 ಇಂಚು. ಅದರೊಳಗೆ ಚೂಪಾದ ನೀಡಲ್ ಇಳಿದಿರುತ್ತದೆ. ಗಾಳಿಯ ಸೆಳೆತ ಹೆಚ್ಚಾದ ಹಾಗೆ ಪಿಸ್ಟನ್ ಮೇಲೇಳುತ್ತದೆ, ಜೊತೆಗೆ ನೀಡಲ್ಲೂ ಏಳುತ್ತದೆ, ತೂತು ದೊಡ್ಡದಾಗುತ್ತದೆ, ಪೆಟ್ರೋಲ್ ಜಾಸ್ತಿ ಬರುತ್ತದೆ. ಅಷ್ಟೇ. ಇದನ್ನು ಮಾಡಿದ ಸ್ಕಿನ್ನರ್ ಸಹೋದರರ ಮನೆತನದ್ದು ಚಪ್ಪಲಿ ಬೂಟಿನ ವ್ಯಾಪಾರ, ಶುರುವಿನ ಕಾರ್ಬೊರೇಟರ್‌ಗಳಲ್ಲಿ ಪಿಸ್ಟನ್ ಬದಲು ಚರ್ಮದ ತಿದಿ ಇತ್ತು. ನನಗೆ ಈ ವಿಷಯ ಓದಿದಾಗಿನಿಂದ ಎಸ್‌ಯು ಬಿಚ್ಚಿದಾಗಲೆಲ್ಲ ಕಮ್ಮಾರನ ತಿದಿಯೇ ನೆನಪಾಗುತ್ತದೆ.

ಬಿಚ್ಚುವ ಮುಂಚೆ ಮೇಲಿನ ಗಂಟೆಯಂಥ ಡ್ಯಾಶ್‌ಪಾಟ್‌ಗೂ ಕೆಳಗಿನ ಬಾಡಿಗೂ ಸೇರಿಸಿ ಒಂದು ಗೀಟು ಹಾಕಿಕೊಳ್ಳಿ. ವಾಪಸ್ ಕೂರಿಸುವಾಗ ಅದೇ ದಿಕ್ಕಿಗೆ ಕೂರಬೇಕು. ಪಿಸ್ಟನ್ ಮತ್ತು ಡ್ಯಾಶ್‌ಪಾಟ್ ಒಂದಕ್ಕೊಂದು ಅಳತೆ ಮಾಡಿದ ಜೋಡಿ, ಎರಡು ಕಾರ್ಬೊರೇಟರ್ ಇರುವ ಕಾರಾದರೆ ಅದಲು ಬದಲು ಮಾಡಲೇಬಾರದು. ಎಮರಿ ಪೇಪರ್ ಹತ್ತಿರವೂ ತರಬೇಡಿ. ಬಟ್ಟೆ ಮತ್ತು ಪೆಟ್ರೋಲ್ ಸಾಕು, ಬೀಡಿ ಸಿಗರೇಟು ದೂರ ಇರಲಿ ಅಂತ ಬೇರೆ ಹೇಳಬೇಕಿಲ್ಲ ಅಲ್ವಾ.

ಹೊಸ ಜೆಟ್ ನಿಜಕ್ಕೂ ಒಳ್ಳೆಯದಿತ್ತು. ಹಳೆಯದರ ಬಾಯಿ ಸವೆದು ಮೊಟ್ಟೆಯಾಕಾರ ಆಗಿತ್ತು, ಅಂದರೆ ನೀಡಲ್ ಒಂದು ಕಡೆ ಉಜ್ಜುತ್ತಿತ್ತು. ನನ್ನ ಕಾರಿನ ಕಾಲದ ಎಚ್‌ಎಸ್2ನಲ್ಲಿ ನೀಡಲ್ ಅಲುಗಾಡದಂತೆ ಗಟ್ಟಿಯಾಗಿ ಕೂತಿರುತ್ತದೆ, ಹಾಗಾಗಿ ಜೆಟ್ಟನ್ನು ಅದರ ಸುತ್ತ ಸರಿಯಾಗಿ ನಡುವಿಗೆ ತರಬೇಕು. ಕೆಳಗಿನ ಲಾಕ್ ನಟ್ ಸಡಿಲ ಮಾಡಿ, ಪಿಸ್ಟನ್ನನ್ನು ಪೂರ್ತಿ ಕೆಳಗೆ ಒತ್ತಿ ಹಿಡಿದು, ನಟ್ ಬಿಗಿ ಮಾಡಿ, ಪಿಸ್ಟನ್ ಎತ್ತಿ ಬಿಟ್ಟರೆ ಟಕ್ ಅಂತ ಸದ್ದು ಬರಬೇಕು. ಸದ್ದು ಮೆತ್ತಗೆ ಬಂದರೆ ಮತ್ತೆ ಮೊದಲಿನಿಂದ. ನನಗೆ ಐದನೇ ಸಲಕ್ಕೆ ಟಕ್ ಅಂದಿತು. ಈಚಿನ ಮಾದರಿಗಳಲ್ಲಿ ನೀಡಲ್ಲಿಗೆ ಸಣ್ಣ ಸ್ಪ್ರಿಂಗ್ ಕೊಟ್ಟು ಒಂದು ಪಕ್ಕಕ್ಕೆ ವಾಲಿಸಿರುತ್ತಾರೆ, ಅವಕ್ಕೆ ಈ ಕಾಟ ಇಲ್ಲ. ಕಿಟ್ಟಿನ ಜೊತೆ ಬಂದ ಒಂದು ಹಾಳೆಯ ಸೂಚನೆಯಲ್ಲಿ ಇದರ ಬಗ್ಗೆ ಒಂದಕ್ಷರ ಇಲ್ಲ. ಫೋಟೊಕಾಪಿಯ ಫೋಟೊಕಾಪಿ ಅದು, ಚಿತ್ರದಲ್ಲಿ ಬರೀ ಕಪ್ಪು ಕಲೆ ಕಾಣುತ್ತದೆ. ಒಂದು ಅಂಕ ಹೋಗಿದ್ದು ಅರ್ಧ ಇದಕ್ಕೆ.

ಇನ್ನರ್ಧ ಹೋಗಿದ್ದು ಗ್ಯಾಸ್ಕೆಟ್‌ಗೆ. ಕಾರ್ಬೊರೇಟರ್ ಮತ್ತು ಮ್ಯಾನಿಫೋಲ್ಡ್ ನಡುವಿನದು ಸರಿಯಿದೆ, ಏರ್ ಫಿಲ್ಟರ್ ಕಡೆಯ ಗ್ಯಾಸ್ಕೆಟ್ಟಿನಲ್ಲಿ ಮಾತ್ರ ಪಿಸ್ಟನ್ ಕೆಳಗೆ ಗಾಳಿ ಹೋಗುವ ಸಣ್ಣ ತೂತುಗಳು ಅರ್ಧ ಮುಚ್ಚಿಕೊಂಡಿದ್ದವು. ಹಾಗೇ ಹಾಕಿದ್ದರೆ ಪಿಸ್ಟನ್ ಸರಿಯಾಗಿ ಏಳುತ್ತಿರಲಿಲ್ಲ. ಆ ತೂತುಗಳನ್ನು ಕಿಟ್ ಯಾವುದೇ ಇರಲಿ, ಬಾಡಿಗೆ ಇಟ್ಟು ಹೋಲಿಸಿ ನೋಡಿಕೊಳ್ಳಿ. ಬ್ಲೇಡಿನಲ್ಲಿ ಕೊರೆದು ಸರಿ ಮಾಡಿಕೊಂಡೆ.

ಫ್ಲೋಟಿನ ಮಟ್ಟಕ್ಕೆ ಒಂದು ಸುಲಭದ ದಾರಿ ಇದೆ. ಮುಚ್ಚಳವನ್ನು ತಲೆಕೆಳಗು ಹಿಡಿದು, ಅದರ ಅಂಚಿನ ಮೇಲೆ 4 ಮಿ.ಮೀ. ಡ್ರಿಲ್ ಬಿಟ್ಟಿನ ನುಣುಪು ಭಾಗ ಅಡ್ಡ ಇಡಿ. ಫ್ಲೋಟಿನ ಕೈ ಅದಕ್ಕೆ ತಾಗಿದರೆ ಸರಿ. ಪುಸ್ತಕದಲ್ಲಿ ಒಂದೆಂಟಾಂಶದಿಂದ ಮೂರು ಹದಿನಾರಾಂಶ ಇಂಚು ಅಂತಿದೆ, ಅಂದರೆ ಸುಮಾರು 3ರಿಂದ 5 ಮಿ.ಮೀ., 4 ಅಂದರೆ ನಡುವೆ ಬಂತು. ಮಿನಿಯಲ್ಲಿ ಕಾರ್ಬೊರೇಟರ್ ಇರುವುದು ಎಂಜಿನ್ ಹಿಂದೆ, ಅದರ ಕೆಳಗೇ ಕಾದ ಎಕ್ಸಾಸ್ಟ್ ಮ್ಯಾನಿಫೋಲ್ಡ್. ಚೇಂಬರ್ ತುಂಬಿ ಹೊರಗೆ ಚೆಲ್ಲಿದರೆ ಪೆಟ್ರೋಲ್ ಬೀಳುವುದು ಅದರ ಮೇಲೇ. ಹಾಗಾಗಿ ನೀಡಲ್ ವಾಲ್ವ್ ಮತ್ತು ಆ ಸಣ್ಣ ರಬ್ಬರ್ ಗ್ಲ್ಯಾಂಡ್ ವಿಷಯದಲ್ಲಿ ಚೌಕಾಸಿ ಬೇಡ.

ಕಿಟ್ಟಿನಿಂದ ಆಗದ ಕೆಲಸ ಒಂದಿದೆ. ಥ್ರಾಟಲ್ ತಗಡು ಕೂತಿರುವ ಸ್ಪಿಂಡಲ್ ಹಿಡಿದು ಅಲ್ಲಾಡಿಸಿದರೆ ನನ್ನದು ಸ್ವಲ್ಪ ಆಡುತ್ತದೆ. ಆ ಸಂದಿಯಿಂದ ಗಾಳಿ ಒಳಗೆ ಹೋಗುತ್ತದೆ, ಮಿಕ್ಸ್‌ಚರ್ ತೆಳುವಾಗುತ್ತದೆ. ಅದಕ್ಕೆ ಹೊಸ ಸ್ಪಿಂಡಲ್, ಕೆಲವೊಮ್ಮೆ ಬುಶ್, ಲೇತ್ ಕೆಲಸ. ಜಾಸ್ತಿ ಆಡುತ್ತಿದ್ದರೆ ಕಿಟ್ ಕೊಳ್ಳುವುದೇ ದಂಡ, ಮೊದಲು ಅದನ್ನು ಮಾಡಿಸಿ.

ಎಲ್ಲ ಜೋಡಿಸಿ ಕೂರಿಸಿದೆ. ಸ್ಟಾರ್ಟ್ ಆಯಿತು. ಬಿಸಿಯಾದ ಮೇಲೆ ಸ್ಲೋ ಸ್ಪೀಡ್ ಇಳಿಯಿತು. ಎಂಥ ಖುಷಿ! ಸಂಜೆ ಒಂದು ಸುತ್ತು ಹೊಡೆದು ಬಂದು, ಆ ಗ್ಯಾರೇಜಿನವರನ್ನು ಮನಸ್ಸಲ್ಲೇ ಬೈದು ಮಲಗಿದೆ.

ಮಾರನೇ ಬೆಳಿಗ್ಗೆ ಚೋಕ್ ಎಳೆದು ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಚೋಕ್ ತಳ್ಳಿದೆ. ಗುರ್. ಮತ್ತೆ ಅದೇ.

ಕಂಡುಹಿಡಿದದ್ದು ನಾನಲ್ಲ, ತಮ್ಮ. ನಾನು ಸೀಟಲ್ಲಿ ಕೂತು ಸೆಲ್ಫ್ ಹೊಡೆಯುತ್ತಿದ್ದೆ, ಅವನು ಬಾನೆಟ್ ಕೆಳಗೆ ತಲೆ ಹಾಕಿದ್ದ. 'ಅಣ್ಣಾ, ಈ ಚೋಕ್ ವೈರ್ ಯಾಕೆ ಬಿಸಿ ಆಗ್ತಿದೆ?' ಅಂದ. ಎಂಜಿನ್ ತಣ್ಣಗಿತ್ತು. ಹೋಗಿ ಮುಟ್ಟಿ ನೋಡಿದರೆ ನಿಜ, ಬೆಚ್ಚಗೆ ಅಲ್ಲ, ಸುಡುತ್ತಿತ್ತು. ಕೇಬಲ್ಲಿನ ಮೇಲಿನ ಪ್ಲಾಸ್ಟಿಕ್ ಅಲ್ಲಲ್ಲಿ ಉಬ್ಬಿ ಗುಳ್ಳೆ ಎದ್ದಿತ್ತು.

ಯಾಕೆ ಅಂದರೆ, ಮಿನಿಯ ಎಂಜಿನ್ ಕೂತಿರುವುದು ರಬ್ಬರ್ ಮೇಲೆ. ರಬ್ಬರಿನಲ್ಲಿ ಕರೆಂಟ್ ಹರಿಯುವುದಿಲ್ಲ. ಎಂಜಿನ್ನಿನಿಂದ ಬಾಡಿಗೆ ಹೆಣೆದ ತಾಮ್ರದ ಪಟ್ಟಿಯೊಂದಿರುತ್ತದೆ, ಅರ್ತ್ ಸ್ಟ್ರ್ಯಾಪ್. ಸ್ಟಾರ್ಟರ್ ಎಳೆಯುವ ನೂರಕ್ಕೂ ಮಿಕ್ಕ ಆಂಪಿಯರ್ ಅದರಲ್ಲೇ ವಾಪಸ್ ಹೋಗಬೇಕು. ನನ್ನ ಕಾರಿನಲ್ಲಿ ಆ ಪಟ್ಟಿ ಕಿಲುಬು ಹಿಡಿದು, ನಾಲ್ಕು ಎಳೆ ಮಾತ್ರ ಉಳಿದಿತ್ತು. ಕರೆಂಟ್ ಬಿಟ್ಟೀತೇ? ಇನ್ನೊಂದು ದಾರಿ ಹುಡುಕಿಕೊಂಡಿತು. ಎಂಜಿನ್ನಿಗೂ ಬಾಡಿಗೂ ಲೋಹದಲ್ಲಿ ಸೇರಿಕೊಂಡಿದ್ದ ಇನ್ನೊಂದು ದಾರಿ ಅಂದರೆ ಚೋಕ್ ಕೇಬಲ್. ಪ್ರತಿ ಸಲ ಸೆಲ್ಫ್ ಹೊಡೆದಾಗಲೂ ಅದು ಹೀಟರ್ ಕಾಯಿಲ್ ಆಗುತ್ತಿತ್ತು, ಒಳಗಿನ ತಂತಿ ಔಟರಿಗೆ, ಅಂದರೆ ಹೊರಗಿನ ಕವಚಕ್ಕೆ, ಕಚ್ಚಿಕೊಳ್ಳುತ್ತಿತ್ತು.

ಈಗ ಇಡೀ ಕಥೆ ಬಿಡಿಸಿಕೊಂಡಿತು. ಎಸ್‌ಯುನಲ್ಲಿ ಚೋಕ್ ಅಂದರೆ ಗಾಳಿಗೆ ಅಡ್ಡ ಬರುವ ತಗಡಲ್ಲ. ಚೋಕ್ ಎಳೆದರೆ ಜೆಟ್ಟೇ ಕೆಳಗಿಳಿಯುತ್ತದೆ, ಅದನ್ನು ಇಳಿಸುವ ಸನ್ನೆಯೇ (ಲಿವರ್) ಒಂದು ಕ್ಯಾಮ್ (ಉಬ್ಬಿರುವ ಬಿಲ್ಲೆ) ತಿರುಗಿಸಿ ಥ್ರಾಟಲ್ಲನ್ನೂ ಸ್ವಲ್ಪ ತೆರೆದಿಡುತ್ತದೆ. ಕೇಬಲ್ ಕಚ್ಚಿಕೊಂಡರೆ ಒಳಗೆ ಗುಂಡಿ ತಳ್ಳಿದರೂ ಅಲ್ಲಿ ಜೆಟ್ ಕೆಳಗೇ ಉಳಿಯುತ್ತದೆ, ಕ್ಯಾಮ್ ಕೂಡ. ಜೆಟ್ ನಟ್ಟಿನ ಮೇಲೆ ಕೂತೇ ಇಲ್ಲದ ಮೇಲೆ ನಟ್ಟನ್ನು ಎಷ್ಟು ತಿರುಗಿಸಿದರೆ ಏನು ಬಂತು? ಥ್ರಾಟಲ್ ಹಿಡಿದಿದ್ದದ್ದು ಕ್ಯಾಮ್, ಥ್ರಾಟಲ್ ಸ್ಕ್ರೂ ಗಾಳಿಯಲ್ಲಿ ನಿಂತಿತ್ತು. ಗ್ಯಾರೇಜಿನವರು ತಿರುಗಿಸಿದ್ದು ಎರಡೂ ಸುಮ್ನೆ. ಕಿಟ್ ಹಾಕಿದ ಸಂಜೆ ಸರಿಯಾಗಿ ಓಡಿದ್ದು ಯಾಕೆ ಅಂದರೆ ಜೋಡಿಸುವಾಗ ನಾನೇ ಕೈಯಿಂದ ಸನ್ನೆಯನ್ನು ಪೂರ್ತಿ ಹಿಂದಕ್ಕೆ ತಳ್ಳಿದ್ದೆ. ಕೆಲವು ದಿನ ಸರಿ, ಕೆಲವು ದಿನ ಕೆಟ್ಟದ್ದು ಯಾಕೆ ಅನ್ನುವುದೂ ತಿಳಿಯಿತು. ಚೋಕ್ ಬೇಕಾಗದ ದಿನ ಸರಿಯಾಗಿರುತ್ತಿತ್ತು.

ನಿಮ್ಮ ಕಾರಿನಲ್ಲಿ ನೋಡಿಕೊಳ್ಳಬೇಕು ಅಂದರೆ ಮಲ್ಟಿಮೀಟರಿನ ಒಂದು ಕಡ್ಡಿ ಎಂಜಿನ್ನಿನ ಬರಿ ಲೋಹಕ್ಕೆ, ಇನ್ನೊಂದು ಬಾಡಿಯ ಬರಿ ಲೋಹಕ್ಕೆ ಇಟ್ಟು, ಯಾರಾದರೂ ಸೆಲ್ಫ್ ಹೊಡೆಯುವಾಗ ವೋಲ್ಟ್ ನೋಡಿ. ಸೊನ್ನೆಯ ಹತ್ತಿರ ಇರಬೇಕು, ಒಂದೆರಡು ಹತ್ತಾಂಶ ಪರವಾಗಿಲ್ಲ. ನನ್ನದು 2 ದಾಟಿತ್ತು. ಹೊಸ ಪಟ್ಟಿ ಹಾಕಿ, ಬೋಲ್ಟ್ ಕೂರುವ ಜಾಗದ ಪೇಂಟ್ ಕೆರೆದ ಮೇಲೆ 0.1. ಮಿನಿ ಒಂದೇ ಅಲ್ಲ, ರಬ್ಬರ್ ಮೌಂಟಿಂಗ್ ಇರುವ ಯಾವ ಹಳೆ ಕಾರಲ್ಲೂ ಇದು ಆಗಬಹುದು. ಹೊಸ ಕೇಬಲ್ ಹಾಕಿ ಪಟ್ಟಿ ಹಾಗೇ ಬಿಟ್ಟರೆ ಹೊಸದೂ ಸುಡುತ್ತದೆ.

ಸರಿ, ಕೇಬಲ್ ಸೆಟ್. ಚೋಕ್ ಕೇಬಲ್ ಚೆನ್ನಾಗಿದೆ. ಉದ್ದ ಸರಿ, ಒಳಗಿನ ತಂತಿ ಒಂಟಿ ಗಟ್ಟಿ ತಂತಿ, ಗುಂಡಿ ಲಾಕ್ ಆಗುತ್ತದೆ. ಹಾಕುವಾಗ ಒಂದೇ ಎಚ್ಚರ, ಗುಂಡಿ ಪೂರ್ತಿ ಒಳಗಿರುವಾಗ ತಂತಿಯನ್ನು ಬಿಗಿಯಾಗಿ ಎಳೆದು ಸ್ಕ್ರೂ ಹಾಕಬೇಡಿ. ಗುಂಡಿ ಸುಮಾರು 1.5 ಮಿ.ಮೀ. ಹೊರಗೆ ಬಂದ ಮೇಲೆ ಮಾತ್ರ ಸನ್ನೆ ಅಲುಗಬೇಕು. ಈ ಪ್ಲೇ ಇಲ್ಲದಿದ್ದರೆ ಜೆಟ್ ಪೂರ್ತಿ ಮೇಲೆ ಬರುವುದಿಲ್ಲ, ಮತ್ತೆ ಮಸಿ, ಮತ್ತೆ ಅದೇ ರಾಮಾಯಣ. ಚೋಕ್ ಒಳಗಿರುವಾಗ ಕ್ಯಾಮಿಗೂ ಫಾಸ್ಟ್ ಐಡಲ್ ಸ್ಕ್ರೂಗೂ ನಡುವೆ ಕೂದಲೆಳೆಯಷ್ಟು ಸಂದಿ ಇರಲಿ. 0.4 ಮಿ.ಮೀ. ಫೀಲರ್ ತೂರಿದರೆ ಸಾಕು.

ಆಕ್ಸಿಲರೇಟರ್ ಕೇಬಲ್ಲಿಗೆ ಮಾತ್ರ ನನ್ನ ತಕರಾರು. ಉದ್ದ ಒಂದು ಗೇಣು ಜಾಸ್ತಿ, 'ಎಲ್ಲ ಕಾರಿಗೂ ಆಗುತ್ತದೆ' ಅನ್ನುವ ಜಾತಿಯದು. ಎಲ್ಲಕ್ಕೂ ಆಗುವುದು ಯಾವುದಕ್ಕೂ ಸರಿಯಾಗಿ ಆಗುವುದಿಲ್ಲ. ಪೆಡಲ್ ಕಡೆಗೆ ಸ್ಕ್ರೂ ಬಿಗಿ ಮಾಡುವ ನಿಪ್ಪಲ್ (ತಂತಿಯ ತುದಿ ಹಿಡಿಯುವ ಗುಂಡು) ಕೊಟ್ಟಿದ್ದಾರೆ. ದಾರಿಯಲ್ಲಿ ಕಿತ್ತುಹೋದಾಗ ಮನೆ ಸೇರಲು ಅದು ಸಾಕು, ಖಾಯಂ ಆಗಿ ಬೇಡ. ಸ್ಕ್ರೂ ತಂತಿಯ ಎಳೆಗಳನ್ನು ಜಜ್ಜುತ್ತದೆ, ಒಂದೊಂದೇ ಎಳೆ ಕಡಿಯುತ್ತದೆ, ಕಡಿದ ಎಳೆ ಔಟರಿನ ಬಾಯಿಗೆ ಸಿಕ್ಕಿಕೊಂಡರೆ ಥ್ರಾಟಲ್ ತೆರೆದೇ ನಿಲ್ಲುತ್ತದೆ. ಅದು ಎಷ್ಟು ಅಪಾಯ ಅಂತ ವಿವರಿಸುವುದು ಬೇಡ. ನಾನು ಹಿತ್ತಾಳೆ ನಿಪ್ಪಲ್ ತಂದು ಬೆಸುಗೆ ಹಾಕಿದೆ. ಕತ್ತರಿಸುವ ಜಾಗಕ್ಕೆ ಮೊದಲೇ ಬೆಸುಗೆ ಕುಡಿಸಿ ಆಮೇಲೆ ಕತ್ತರಿಸಬೇಕು, ಇಲ್ಲದಿದ್ದರೆ ತುದಿ ಪೊರಕೆಯಾಗುತ್ತದೆ. ನಿಪ್ಪಲ್ ಏರಿಸಿದ ಮೇಲೆ ತುದಿಯ ಎಳೆಗಳನ್ನು ಹೂವಿನ ಹಾಗೆ ಅರಳಿಸಿ ಬೆಸುಗೆ ತುಂಬಬೇಕು, ಆಗಲೇ ಜಾರುವುದಿಲ್ಲ. ಸ್ಟೇನ್‌ಲೆಸ್ ಸ್ಟೀಲ್ ತಂತಿಯಾದರೆ ಮಾಮೂಲಿ ಫ್ಲಕ್ಸಿಗೆ ಬೆಸುಗೆ ಹಿಡಿಯುವುದೇ ಇಲ್ಲ, ಅದನ್ನು ಮೊದಲೇ ಕೇಳಿ ತಿಳಿದುಕೊಳ್ಳಿ.

ಎಣ್ಣೆ ವಿಷಯ. ಔಟರ್ ಬರೀ ಸ್ಟೀಲ್ ಸುರುಳಿಯಾಗಿದ್ದರೆ ತೆಳು ಎಣ್ಣೆ ಇಳಿಬಿಡಿ. ಒಳಗೆ ನೈಲಾನ್ ಪದರ ಇರುವುದಾದರೆ ಗ್ರೀಸ್ ಬೇಡ, ಧೂಳು ಸೇರಿ ಅಂಟಾಗುತ್ತದೆ. ಹಾದಿಯಲ್ಲಿ ಚೂಪಾದ ತಿರುವು ಇರಬಾರದು, ಎಕ್ಸಾಸ್ಟ್ ಹತ್ತಿರ ಇರಬಾರದು. ಕೊನೆಗೆ ತಮ್ಮನನ್ನು ಸೀಟಲ್ಲಿ ಕೂರಿಸಿ ಪೆಡಲ್ ಪೂರ್ತಿ ಒತ್ತಿಸಿ, ಕಾರ್ಬೊರೇಟರ್ ಬಾಯಲ್ಲಿ ಇಣುಕಿ ನೋಡಿದೆ. ಥ್ರಾಟಲ್ಲಿನ ಚಿಟ್ಟೆ ತಗಡು ಮುಕ್ಕಾಲು ಮಾತ್ರ ತೆರೆಯುತ್ತಿತ್ತು! ಕೇಬಲ್ ತಪ್ಪಲ್ಲ, ಪೆಡಲ್ ಕೆಳಗೆ ಎರಡು ಮ್ಯಾಟ್ ಹಾಸಿದ್ದೆ. ಇಷ್ಟು ವರ್ಷ 'ಈ ಕಾರಿಗೆ ಪಿಕಪ್ ಇಷ್ಟೇ' ಅಂತ ಹೇಳಿಕೊಂಡು ತಿರುಗುತ್ತಿದ್ದೆ ನಾನು.

ಇಷ್ಟೆಲ್ಲ ಆದ ಮೇಲೆ ಟ್ಯೂನಿಂಗ್ ಹತ್ತು ನಿಮಿಷದ ಕೆಲಸ. ಅದಕ್ಕೂ ಮುಂಚೆ ಟ್ಯಾಪೆಟ್ ಸಂದಿ 0.012 ಇಂಚು, ಪಾಯಿಂಟ್ ಸಂದಿ 0.015, ಪ್ಲಗ್ ಸಂದಿ 0.025, ಇವನ್ನು ನೋಡಿಕೊಂಡೆ. ಇವು ಸರಿಯಿಲ್ಲದೆ ಕಾರ್ಬೊರೇಟರ್ ಮುಟ್ಟಬೇಡಿ. ನಟ್ಟನ್ನು ಮೇಲಕ್ಕೆ ತಿರುಗಿಸಿ ಜೆಟ್ಟಿನ ತುದಿ ಸೇತುವೆಗೆ (ಬಾಡಿಯೊಳಗೆ ಪಿಸ್ಟನ್ ಬಂದು ಕೂರುವ ದಿಬ್ಬ) ಸಮ ಬರುವ ಹಾಗೆ ಮಾಡಿ, ಅಲ್ಲಿಂದ ಎರಡು ಸುತ್ತು ಕೆಳಗೆ. ನಟ್ಟಿಗೆ ಆರು ಮುಖ, ಅಂದರೆ ಎರಡು ಸುತ್ತಿಗೆ ಹನ್ನೆರಡು ಮುಖ. ಇದು ಶುರು ಮಾಡುವ ಜಾಗ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಪಕ್ಕದ ಸಣ್ಣ ಪಿನ್ ಒತ್ತಿ ಪಿಸ್ಟನ್ನನ್ನು ಒಂದು ಮಿ.ಮೀ.ಗಿಂತ ಕಡಿಮೆ ಎತ್ತಿ. ಸ್ಪೀಡ್ ಏರಿ ಹಾಗೇ ನಿಂತರೆ ಪೆಟ್ರೋಲ್ ಜಾಸ್ತಿ, ನಟ್ ಒಂದು ಮುಖ ಮೇಲಕ್ಕೆ. ಕುಸಿದರೆ ಕಮ್ಮಿ, ಒಂದು ಮುಖ ಕೆಳಕ್ಕೆ. ಚೂರು ಏರಿ ಮೊದಲಿನ ಜಾಗಕ್ಕೆ ಬಂದರೆ ಕೈ ತೆಗೆಯಿರಿ. ನಟ್ ತಿರುಗಿಸಿದಾಗಲೆಲ್ಲ ಜೆಟ್ಟನ್ನು ಬೆರಳಲ್ಲಿ ಮೇಲಕ್ಕೆ ಒತ್ತಿ, ಅದು ನಟ್ಟಿಗೆ ತಾಗಿದೆಯಾ ಅಂತ ನೋಡಿ. ಆ ಗ್ಯಾರೇಜಿನವರು ಇದೊಂದನ್ನು ಮಾಡಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ನನ್ನದು ಹದಿಮೂರನೇ ಮುಖಕ್ಕೆ ಕೂತಿತು.

ಡ್ಯಾಶ್‌ಪಾಟಿನ ತಲೆಯಲ್ಲಿ ಎಣ್ಣೆ ಹಾಕುವುದು ಮರೆಯಬೇಡಿ, ಎಸ್‌ಎಇ 20. ಕಾಲು ಒತ್ತಿದ ತಕ್ಷಣ ಪಿಸ್ಟನ್ ಹಾರಿ ಮೇಲೇಳದಂತೆ ತಡೆಯುವುದು ಆ ಎಣ್ಣೆ. ಅದಿಲ್ಲದಿದ್ದರೆ ಕಾರು ಒಂದು ಕ್ಷಣ ತಡವರಿಸಿ ಆಮೇಲೆ ಓಡುತ್ತದೆ.

ಯಾರು ತರಿಸಬೇಕು ಅಂದರೆ, ಜೆಟ್ ಸವೆದಿದ್ದರೆ, ಚೇಂಬರ್ ಚೆಲ್ಲುತ್ತಿದ್ದರೆ ಕಿಟ್ ಧಾರಾಳವಾಗಿ ತರಿಸಿ. ಚೋಕ್ ಕೇಬಲ್ ಬಿಡಿಯಾಗಿ ಸಿಕ್ಕರೆ ತೆಗೆದುಕೊಳ್ಳಿ. ಆಕ್ಸಿಲರೇಟರ್ ಕೇಬಲ್ ಮಾತ್ರ ನಿಮ್ಮ ಕಾರಿನ ಅಳತೆಗೇ ಮಾಡಿದ್ದು ಹುಡುಕಿ. ನನಗೆ ಉಳಿದಿರುವುದು ಆ ಸ್ಪಿಂಡಲ್. ಸುಟ್ಟ ಚೋಕ್ ಕೇಬಲ್ ಎಸೆದಿಲ್ಲ, ಡಿಕ್ಕಿಯಲ್ಲಿ ಸುತ್ತಿಟ್ಟಿದ್ದೇನೆ. ಯಾರಾದರೂ 'ಕಾರ್ಬೊರೇಟರ್ ಹೋಗಿದೆ' ಅಂದಾಗ ತೆಗೆದು ತೋರಿಸಲು ತಮ್ಮನಿಗೆ ಅದು ಬೇಕಂತೆ.